ವನಜಳ ಫೋನಿನ ಬೀಗ

ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಕು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎಣ್ಣೆ ಹಚ್ಚಿಕೊಂಡು, ಅರ್ಧ ಹಣ್ಣು ಬಿಡಿಸಿ, ಮೊಣಕೈವರೆಗೆ ಮೇಣ ಮಾಡಿಕೊಂಡು ಕೂತಿರುವಾಗ ಫೋನು ಟಿಂಗ್ ಎಂದರೆ ಏನು ಮಾಡಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿದ್ದಂತಿಲ್ಲ. ಮೊನ್ನೆ ಭಾನುವಾರ ನಾನು ಹೆಬ್ಬೆರಳನ್ನು ಪಂಚೆಗೆ ಒರೆಸಿ ಫೋನಿನ ಮೇಲಿಟ್ಟೆ. ಅದು ಸಣ್ಣಗೆ ನಡುಗಿ, ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು. ಪಂಚೆಯ ಇನ್ನೊಂದು ತುದಿಗೆ ಒರೆಸಿ ಮತ್ತೆ ಇಟ್ಟೆ. ಮತ್ತೆ ಅದೇ ಮಾತು. ಕೊನೆಗೆ ಪಿನ್ ಹಾಕು ಎಂದಿತು. ಮೇಣದ ಬೆರಳಲ್ಲಿ ಪಿನ್ ಒತ್ತಿ, ಪರದೆಗೆಲ್ಲ ಅಂಟು ಮಾಡಿ, ಬಂದ ಮೆಸೇಜ್ ತೆಗೆದು ನೋಡಿದರೆ, ನನ್ನ ರೀಚಾರ್ಜ್ ಮುಗಿಯಲು ಇನ್ನೂ ವಾರವಿದೆ, ಚಿಂತೆ ಬೇಡ ಎಂದು ಕಂಪನಿಯವರು ತಿಳಿಸಿದ್ದರು. ಚಿಂತೆ ನನಗಿರಲಿಲ್ಲ. ಆ ಪಂಚೆ ಈಗ ಮಡಚಿದರೆ ಬಿಡಿಸಲು ಬರುವುದಿಲ್ಲ.

ಬೆರಳು ಒಳ್ಳೆಯದೋ ಪಿನ್ ಒಳ್ಳೆಯದೋ ಎಂದು ಊಟದ ಹೊತ್ತಿನಲ್ಲಿ ನಮ್ಮ ಕಾರ್ಖಾನೆಯಲ್ಲಿ ಆಗಾಗ ಜಗಳ ಬೀಳುತ್ತದೆ. ಬೆರಳನ್ನು ಯಾರೂ ಕದಿಯಲಾರರು ಎಂದು ಒಂದು ಪಾರ್ಟಿ. ಮಲಗಿದವನ ಬೆರಳು ಹಿಡಿದು ಒತ್ತಿಸಿದರೆ ಏನು ಮಾಡ್ತೀಯ ಮಾರಾಯ ಎಂದು ಇನ್ನೊಂದು ಪಾರ್ಟಿ. ಈ ಎರಡನೇ ಪಾರ್ಟಿಯವರೆಲ್ಲ ಮದುವೆಯಾದವರು ಎಂಬುದನ್ನು ಗಮನಿಸಿದ್ದೇನೆ. ನನ್ನನ್ನು ಯಾವ ಪಾರ್ಟಿಗೂ ಸೇರಿಸಿಕೊಳ್ಳುವುದಿಲ್ಲ, ಯಾಕೆಂದರೆ ನನ್ನ ಪಿನ್ ಊರಿಗೆಲ್ಲ ಗೊತ್ತು. ತರಕಾರಿ ಅಂಗಡಿಯಲ್ಲಿ ಎರಡು ಕೈಯಲ್ಲೂ ಚೀಲವಿದ್ದಾಗ ದುಡ್ಡು ಕಳಿಸಲು ಅಂಗಡಿಯ ರೇಣುಕಮ್ಮನಿಗೇ ಫೋನು ಕೊಟ್ಟು ಪಿನ್ ಹೇಳುತ್ತೇನೆ. ಆಕೆಯೇ ಬೈಯುತ್ತಾಳೆ, "ಮೆಲ್ಲಗೆ ಹೇಳಿ ಸ್ವಾಮಿ, ಈ ಸಾಲಿನವರಿಗೆಲ್ಲ ಕೇಳಿಸ್ತು."

ನನಗೆ ಬೆರಳಚ್ಚು ಎಂದರೆ ಮೊದಲು ನೆನಪಾಗುವುದು ಕುಂಸಿಯ ನಮ್ಮಜ್ಜಿ. ಅಜ್ಜಿಗೆ ಓದುಬರಹ ಬಾರದು. ಸೊಸೈಟಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರುವ ದಿನ ಆಕೆ ಪೆಟ್ಟಿಗೆಯಲ್ಲಿಟ್ಟ ಸೀರೆ ಉಡುತ್ತಿದ್ದಳು. ಒತ್ತಿದ ಮೇಲೆ ಬೆರಳಿಗಂಟಿದ ನೇರಳೆ ಶಾಯಿಯನ್ನು ಒರೆಸಲು ಅಲ್ಲಿ ಬಟ್ಟೆ ಇರುತ್ತಿರಲಿಲ್ಲ, ಸೀರೆಗೆ ಒರೆಸಲು ಮನಸ್ಸು ಬಾರದು. ಎಲ್ಲರಂತೆ ಅವಳೂ ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಳು. ಪೂರ್ತಿ ಬೆಳ್ಳಗಾದ ತಲೆಯಲ್ಲಿ ಕಿವಿಯ ಮೇಲೊಂದು ನೇರಳೆ ಗೆರೆ ಎಳೆದುಕೊಂಡು ಮನೆಗೆ ಬರುತ್ತಿದ್ದಳು. ಅದು ದೊಡ್ಡವರು ಮಾಡಿಕೊಳ್ಳುವ ಏನೋ ಸಿಂಗಾರ ಎಂದು ನಾನು ತಿಳಿದಿದ್ದೆ. ಒಂದು ದಿನ ಅಪ್ಪನ ಪೆನ್ನಿನ ಶಾಯಿ ಸುರಿದುಕೊಂಡು ನಾನೂ ಸಿಂಗಾರ ಮಾಡಿಕೊಂಡೆ. ಅಮ್ಮ ಹಿತ್ತಲಿನಲ್ಲಿ ಕೂರಿಸಿ ಸೀಗೆಪುಡಿ ಹಾಕಿ ತಿಕ್ಕಿದ್ದು ತಲೆಗೆ ಇನ್ನೂ ನೆನಪಿದೆ.

ಈಗ ಅದೇ ಕುಂಸಿಯಲ್ಲಿ ರೇಷನ್ ಅಂಗಡಿಯ ಮುಂದೆ ನಿಂತರೆ ಎಲ್ಲ ತಿರುವುಮುರುವು. ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರ ಹೆಬ್ಬೆರಳೆಲ್ಲ ಕಪ್ಪು. ಕತ್ತಿಯ ಗೀರು ಬಿದ್ದು, ಚೊಗರು ಹಿಡಿದು, ಗೆರೆಯೇ ಕಾಣುವುದಿಲ್ಲ. "ಥಂಬ್ ಬರ್ತಿಲ್ಲಮ್ಮ, ಇನ್ನೊಂದ್ಸಲ ಕೊಡಿ" ಎಂದು ಅಂಗಡಿಯವನು ಹೇಳುತ್ತಾನೆ. ಅವರು ಬೆರಳನ್ನು ತಲೆಗೂದಲಿಗೆ ಉಜ್ಜಿ, ಅಲ್ಲಿಯ ಎಣ್ಣೆ ಒಂಚೂರು ಹತ್ತಿಸಿಕೊಂಡು ಮತ್ತೆ ಒತ್ತುತ್ತಾರೆ. ಅಜ್ಜಿ ಗುರುತು ಒರೆಸಿಕೊಳ್ಳಲು ತಲೆ ಮುಟ್ಟುತ್ತಿದ್ದಳು, ಇವರು ಗುರುತು ಬರಿಸಲು ಮುಟ್ಟುತ್ತಾರೆ. ನಮ್ಮ ಮಾಚೇನಹಳ್ಳಿಯ ಕತೆಯೂ ಇಷ್ಟೇ. ಅಲ್ಲಿ ನಾನು ಕೆಲಸ ಮಾಡುವುದು ಎರಕದ ಬಿಡಿಭಾಗಗಳನ್ನು ಉಜ್ಜಿ ನಯ ಮಾಡುವ ಸಣ್ಣ ಕಾರ್ಖಾನೆಯಲ್ಲಿ. ಗ್ರೈಂಡಿಂಗ್ ಮಾಡುವವರ ಬೆರಳಿನ ತುದಿ ಕಬ್ಬಿಣದ ಜೊತೆಗೇ ಸವೆದಿರುತ್ತದೆ. ಹಾಗಾಗಿ ಗೇಟಿನ ಹಾಜರಿ ಯಂತ್ರಕ್ಕೆ ಎಲ್ಲರೂ ಕೊಟ್ಟಿರುವುದು ಕಿರುಬೆರಳು, ಕೆಲಸಕ್ಕೆ ಅತಿ ಕಡಿಮೆ ಬರುವ ಬೆರಳು ಅದೇ ತಾನೆ. ಬೆಳಿಗ್ಗೆ ಒಬ್ಬೊಬ್ಬರೂ ಕಿರುಬೆರಳಿಗೆ ಹಾ ಎಂದು ಉಸಿರು ಬಿಟ್ಟು ಯಂತ್ರದ ಮೇಲಿಟ್ಟು ಒಳಗೆ ಬರುತ್ತಾರೆ. ಹೊಸಬರು ನೋಡಿದರೆ ಇದೇನೋ ಹರಕೆ ಎಂದುಕೊಳ್ಳಬೇಕು.

ಎಲ್ಲೋ ಹೊರಟೆ. ಹೇಳಬೇಕೆಂದಿದ್ದು ನನ್ನ ಹೆಂಡತಿ ವನಜಳ ಫೋನಿನ ಬಗ್ಗೆ. ಅದಕ್ಕೆ ಮೊದಲು ಅವಳ ತವರಿನ ಬಗ್ಗೆ ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ.

ವನಜ ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದಲ್ಲಿ, ಅವರಪ್ಪ ಕೆಲಸ ಮಾಡುತ್ತಿದ್ದ ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನಾನು ಹೆಣ್ಣು ನೋಡಲು ಹೋದ ದಿನ, ಮನೆ ಎಲ್ಲಿ ಎಂದು ಕೇಳಿದರೆ ಹೆಸರಿಗೆ ಯಾರೂ ದಾರಿ ಹೇಳಲಿಲ್ಲ. ಟೋಕನ್ ನಂಬರ್ ಎಷ್ಟು ಎಂದು ಕೇಳಿದರು. ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ಒಂದು ನಂಬರು. ಸಂಬಳಕ್ಕೆ ಅದೇ, ಸೈಕಲ್ಲಿನ ಮಡ್ಗಾರ್ಡಿಗೆ ಅದೇ, ಊಟದ ಡಬ್ಬಿಯ ತಳಕ್ಕೂ ಅದೇ. ಹೆಂಡತಿ ಮಕ್ಕಳಿಗೆ, ಅಕ್ಕಪಕ್ಕದವರಿಗೆ, ಹಾಲಿನವನಿಗೆ ಎಲ್ಲರಿಗೂ ಅದು ಬಾಯಿಪಾಠ. ಮಾವನವರು ನನಗೆ ತಮ್ಮ ಪರಿಚಯ ಹೇಳುವಾಗ ಹೆಸರಿನ ಜೊತೆಗೆ ಟೋಕನ್ ನಂಬರೂ ಹೇಳಿದರು. ನನ್ನ ನಂಬರು ಏನೆಂದು ಕೇಳಿಯೂ ಬಿಟ್ಟರು. ಸಣ್ಣ ಕಾರ್ಖಾನೆ, ನಂಬರು ಇಲ್ಲ ಎಂದೆ. ಪಾಪ, ಅವರಿಗೆ ಒಂಚೂರು ನಿರಾಸೆಯಾಯಿತು.

ಸ್ಮಾರ್ಟ್‌ಫೋನು ಬಂದು ಪಿನ್ ಇಡಬೇಕು ಎಂದಾಗ ಕಾಗದನಗರದ ನಿವೃತ್ತರು ಏನು ಇಟ್ಟಿರಬಹುದು, ನೀವೇ ಹೇಳಿ. ಎಲ್ಲರೂ ಅವರವರ ಟೋಕನ್ ನಂಬರೇ ಇಟ್ಟರು. ಯಾರಿಗೂ ಮರೆಯುವುದಿಲ್ಲ ಎಂಬುದು ಅವರ ವಾದ. ನಿಜ, ಬೇರೆ ಯಾರಿಗೂ ಮರೆಯುವುದಿಲ್ಲ. ಒಮ್ಮೆ ಮಾವನವರು ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಫೋನು ಬಿಟ್ಟು ಬಂದಿದ್ದರು. ಅವರ ಹಳೆಯ ಶಿಫ್ಟಿನ ಗೆಳೆಯ ಮುರುಗೇಶಣ್ಣ ಸಾಯಂಕಾಲ ಅದನ್ನು ಮನೆಗೆ ತಂದುಕೊಟ್ಟ.

"ಇದು ನಂದೇ ಅಂತ ಹೆಂಗೆ ಗೊತ್ತಾಯ್ತೋ?" ಎಂದರು ಮಾವ.

"ಯಾರದ್ದು ಗೊತ್ತಾಗ್ಲಿಲ್ಲಪ್ಪಾ. ನಮ್ ಶಿಫ್ಟ್‌ನೋರ ನಂಬರ್ ಒಂದೊಂದೇ ಹಾಕ್ತಾ ಹೋದೆ. ನಿಂದಕ್ಕೆ ತೆಗೀತು," ಎಂದ ಮುರುಗೇಶಣ್ಣ. ನನ್ನ ಕಡೆ ತಿರುಗಿ, "ನೀನೂ ಕಲ್ತುಕೋ ಮಾಪ್ಳೆ, ಉಪಯೋಗಕ್ಕೆ ಬರುತ್ತೆ," ಎಂದ. ಅಳಿಯನಾದವನನ್ನು ಅವನು ತನ್ನ ತಮಿಳಿನಲ್ಲಿ ಮಾಪ್ಳೆ ಎನ್ನುವುದು. ಇದಾದ ಮೇಲೂ ಮಾವ ಪಿನ್ ಬದಲಿಸಲಿಲ್ಲ. ಬದಲಿಸಿದ್ದರೆ ಫೋನು ವಾಪಸ್ ಬರುತ್ತಿತ್ತೇ ಎಂದು ಕೇಳಿದರು. ಆ ನಂಬರನ್ನು ನಾನಿಲ್ಲಿ ಬರೆಯುವುದಿಲ್ಲ, ಇವತ್ತಿಗೂ ಅದೇ ಇದೆ.

ಹೀಗೆ ಎಲ್ಲರಿಗೂ ಎಲ್ಲವೂ ಗೊತ್ತಿರುವ ಊರಿನಲ್ಲಿ ಬೆಳೆದ ವನಜ ಬೀಗದ ಹುಚ್ಚು ಹಿಡಿಸಿಕೊಂಡಿದ್ದಳು. ಎರಡು ಕೋಣೆಯ ಕ್ವಾರ್ಟರ್ಸು, ಮನೆ ತುಂಬ ಜನ. ಅವಳದ್ದು ಅಂತ ಇದ್ದದ್ದು ಶಾಲೆಯ ಕಂಪಾಸ್ ಪೆಟ್ಟಿಗೆ ಒಂದೇ, ಅದನ್ನೂ ಅವಳ ಅಣ್ಣ ತೆಗೆದು ನೋಡುತ್ತಿದ್ದನಂತೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದು, ಬ್ಲೌಸು ಹೊಲಿಯಲು ಶುರುಮಾಡಿ, ತನ್ನದೇ ದುಡಿಮೆಯಲ್ಲಿ ಫೋನು ತೆಗೆದುಕೊಂಡ ದಿನವೇ ಹೆಬ್ಬೆರಳು ಕೊಟ್ಟು, ಪಿನ್ ಇಟ್ಟು, ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ನನಗೆ ಮುಂದಾಗಿಯೇ ತಿಳಿಸಿದಳು.

"ಅಂಥದ್ದೇನಿದೆ ಅದರೊಳಗೆ?" ಎಂದೆ.

"ಏನೂ ಇಲ್ಲ. ಏನೂ ಇಲ್ಲದ್ದಕ್ಕೂ ಬೀಗ ಹಾಕ್ಬಹುದು."

ಮನೆಯಲ್ಲಿ ನಾವಿಬ್ಬರೇ. ಹಾಗಾಗಿ ಯಾರಿಂದ ಮುಚ್ಚಿಡುತ್ತಿದ್ದಾಳೆ ಎಂದು ಊಹಿಸಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ನಾನು ತಮಾಷೆಗೆ ದಿನಕ್ಕೊಂದು ನಂಬರು ಊಹಿಸುವುದು, ಅವಳು ಅಲ್ಲ ಎನ್ನುವುದು, ಇದು ನಮ್ಮ ಸಂಸಾರದ ಒಂದು ಆಟವಾಯಿತು. ನಮ್ಮ ಮದುವೆಯ ದಿನಾಂಕವೂ ಅಲ್ಲ ಎಂದಾಗ ನನಗೆ ಒಳಗೊಳಗೇ ಬೇಜಾರಾಯಿತು ಅನ್ನಿ. ಆದರೆ ನನ್ನ ಬೇಜಾರು ಮಾವನವರದ್ದರ ಮುಂದೆ ಏನೂ ಅಲ್ಲ. ಒಂದು ಯುಗಾದಿಗೆ ನಮ್ಮ ಮನೆಗೆ ಬಂದವರು, ಯಾರದ್ದೋ ಫೋಟೋ ನೋಡಬೇಕೆಂದು ವನಜಳ ಫೋನು ಕೈಗೆತ್ತಿಕೊಂಡು, ಯಾರನ್ನೂ ಕೇಳದೆ, ಧೈರ್ಯವಾಗಿ ತಮ್ಮ ಟೋಕನ್ ನಂಬರು ಒತ್ತಿದರು. ಫೋನು ನಡುಗಿ ತಪ್ಪು ಎಂದಿತು. ಕನ್ನಡಕ ಹಾಕಿಕೊಂಡು ಮತ್ತೆ ಒತ್ತಿದರು. ಮತ್ತೆ ತಪ್ಪು.

"ನಂದಲ್ವೇನಮ್ಮಾ?" ಎಂದು ಕೇಳಿದರು.

"ಅಲ್ಲಪ್ಪ."

"ಮತ್ಯಾವ ನಂಬರಿದೆ ನಿಂಗೆ?"

ಅವಳು ನಕ್ಕು ಒಳಗೆ ಹೋದಳು. ಮಾವನವರು ಅವತ್ತು ಎರಡನೇ ಹೋಳಿಗೆ ಬೇಡವೆಂದರು. ಅವರು ಎರಡನೇ ಹೋಳಿಗೆ ಬೇಡವೆಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ವನಜಳಿಗೆ ಪಿನ್ ಹೆಚ್ಚಾಗಿ ಬೇಕಾಗುತ್ತಲೂ ಇರಲಿಲ್ಲ, ಎಲ್ಲ ಹೆಬ್ಬೆರಳಿನಲ್ಲೇ ಆಗುತ್ತಿತ್ತು. ಹೊಲಿಗೆ ಯಂತ್ರದ ಪಕ್ಕ ಫೋನು ಇಟ್ಟುಕೊಂಡು, ಒಂದು ಕೈಯಲ್ಲಿ ಬಟ್ಟೆ ತಿರುಗಿಸುತ್ತ ಇನ್ನೊಂದರ ಹೆಬ್ಬೆರಳು ತಾಗಿಸಿದರೆ ಸಾಕು, ಗಿರಾಕಿಗಳು ಕಳಿಸಿದ ಕುತ್ತಿಗೆಯ ಡಿಸೈನುಗಳು ತೆರೆದುಕೊಳ್ಳುತ್ತಿದ್ದವು. ಬಟ್ಟೆಯ ಒಳಗು ಹೊರಗು ಆ ಬೆರಳಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದರೂ ಫೋನು ಒಮ್ಮೆಯೂ ಅವಳ ಗುರುತು ತಪ್ಪಿದ್ದಿಲ್ಲ.

ಹೋದ ವರ್ಷ ಅವಳಿಗೆ ಕ್ಯಾನ್ಸರ್ ಎಂದು ತಿಳಿಯಿತು. ದೊಡ್ಡ ಕರುಳಿನಲ್ಲಿ. ನಮ್ಮ ಕಡೆ ಈ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ಅದು' ಎಂದು ಪಿಸುಗುಟ್ಟುತ್ತಾರೆ. ವನಜ ಅದಕ್ಕೆ ಅವಕಾಶ ಕೊಡಲಿಲ್ಲ. ಬಂದು ಕೇಳಿದ ಗಿರಾಕಿಗಳಿಗೆಲ್ಲ, ಕ್ಯಾನ್ಸರಂತೆ, ಆಪರೇಷನ್ ಇದೆ, ನಿಮ್ಮ ಬ್ಲೌಸು ಲೇಟಾಗುತ್ತೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಆಪರೇಷನ್ ಶಿವಮೊಗ್ಗದಲ್ಲೇ ಆಯಿತು. ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲೇ ನುಂಗುವ ಮಾತ್ರೆ ಕೊಟ್ಟರು. ಅಂಗೈ ಅಂಗಾಲು ಕೆಂಪಾಗಿ ಉರಿಯಬಹುದು, ಸಿಪ್ಪೆ ಏಳಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೇಳಿದಂತೆಯೇ ಆಯಿತು. ಕತ್ತರಿ ಹಿಡಿದರೆ ಉರಿ, ನೆಲದ ಮೇಲೆ ಕಾಲಿಟ್ಟರೆ ಉರಿ. ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಳು.

ಒಂದು ಬೆಳಿಗ್ಗೆ ಫೋನು ಅವಳ ಬೆರಳನ್ನು ಒಪ್ಪಲಿಲ್ಲ. ಕೈಗೆ ಹಚ್ಚಿದ ಮುಲಾಮು ಕಾರಣ ಎಂದುಕೊಂಡು ಒರೆಸಿ ಇಟ್ಟಳು. ಮತ್ತೆ ಪ್ರಯತ್ನಿಸಿ ಎಂದಿತು. ಎಡಗೈ ಹೆಬ್ಬೆರಳನ್ನೂ ಕೊಟ್ಟಿದ್ದಳು, ಅದಕ್ಕೂ ಅದೇ ಉತ್ತರ. ಕಿಟಕಿಯ ಹತ್ತಿರ ಹೋಗಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ನನ್ನನ್ನೂ ಕರೆದು ತೋರಿಸಿದಳು. ಬಳಸಿ ಸವೆದ ಸೋಪಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಒಂದು ಗೆರೆ ಇರಲಿಲ್ಲ.

"ನೋಡ್ರೀ," ಎಂದಳು, "ನಾನು ಅಳಿಸಿ ಹೋಗ್ತಿದ್ದೀನಿ."

ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತು ನನಗೆ ಯಾವತ್ತೂ ಸಮಯಕ್ಕೆ ಸಿಕ್ಕಿದ್ದಿಲ್ಲ. ನಮ್ಮ ಗ್ರೈಂಡಿಂಗಿನವರಿಗೂ ಹೀಗೇ ಆಗುತ್ತೆ, ಕಿರುಬೆರಳು ಕೊಡು ನೋಡೋಣ ಎಂದುಬಿಟ್ಟೆ. ಅವಳು ಹತ್ತೂ ಬೆರಳುಗಳನ್ನು ನನ್ನ ಮುಂದೆ ಹರಡಿದಳು. ಎಲ್ಲವೂ ಹಾಗೆಯೇ ಇದ್ದವು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವಳು ಹೊಟ್ಟೆಯದಕ್ಕಿಂತ ಮೊದಲು ಬೆರಳಿನದ್ದೇ ಕೇಳಿದಳು. ಡಾಕ್ಟರಮ್ಮ ಅವಳ ಕೈ ಹಿಡಿದು ನೋಡಿ, "ಈ ಮಾತ್ರೆಗೆ ಕೆಲವರಿಗೆ ಹೀಗಾಗುತ್ತಮ್ಮ. ನಿಲ್ಲಿಸಿದ ಮೇಲೆ ಬರುತ್ತೆ," ಎಂದರು.

"ಇದ್ದದ್ದೇ ಬರುತ್ತಾ, ಬೇರೆ ಬರುತ್ತಾ ಮೇಡಂ?"

"ಇದ್ದದ್ದೇ ಬರುತ್ತೆ, ಸಾಮಾನ್ಯವಾಗಿ."

ಆಟೋದಲ್ಲಿ ಮನೆಗೆ ಬರುವಾಗ ಅವಳು ಇದ್ದದ್ದೇ ಬರುತ್ತಂತೆ ಎಂದು ಮತ್ತೆ ಮತ್ತೆ ಹೇಳಿದಳು. ನನ್ನ ತಲೆಯಲ್ಲಿ ಮಾತ್ರ ಆ 'ಸಾಮಾನ್ಯವಾಗಿ' ಎಂಬ ಮಾತು ಸುತ್ತುತ್ತಿತ್ತು. ಹಳೇ ಅಚ್ಚನ್ನು ಫೋನಿನಿಂದ ತೆಗೆದು ನನ್ನ ಬೆರಳು ಹಾಕೋಣ, ಸದ್ಯಕ್ಕೆ ಸುಲಭವಾಗುತ್ತೆ ಎಂದೆ. "ಅದನ್ನ ಮುಟ್ಬೇಡಿ," ಎಂದಳು. "ಅದು ಅಲ್ಲೇ ಇರ್ಲಿ. ಬೆರಳು ಬಂದಾಗ ಅದಕ್ಕೆ ಗುರುತು ಬೇಕಲ್ಲ."

ಅಂದಿನಿಂದ ಪಿನ್ ಒಂದೇ ಗತಿಯಾಯಿತು. ಅದನ್ನು ಒತ್ತುವುದೂ ಕಷ್ಟ. ಬೆರಳ ತುದಿಗಳು ಬಿರುಕು ಬಿಟ್ಟು ಪಟ್ಟಿ ಸುತ್ತಿದ್ದೆವು. ಅಷ್ಟರಲ್ಲಿ ಅವಳ ಎಲ್ಲ ಕೆಲಸವೂ ಒಂದೊಂದಾಗಿ ನನ್ನ ಕೈಗೆ ಬಂದಿತ್ತು. ತಲೆಗೆ ನೀರು ಹಾಕುವುದು, ಜಡೆ ಹೆಣೆಯುವುದು, ರಾಗಿ ಗಂಜಿ ಚಮಚದಲ್ಲಿ ಕುಡಿಸುವುದು. ಊರಿನ ಅರ್ಧ ಹೆಂಗಸರ ಬ್ಲೌಸಿಗೆ ಹುಕ್ಕು ಕೂರಿಸಿದವಳು, ತನ್ನ ಬ್ಲೌಸಿನ ಹುಕ್ಕು ಹಾಕಲು ನನ್ನ ಮುಂದೆ ನಿಲ್ಲಬೇಕಿತ್ತು. ನಾನು ಮೇಲಿನದ್ದನ್ನು ಕೆಳಗಿನದಕ್ಕೆ ಸಿಕ್ಕಿಸಿ, ಕೊನೆಗೆ ಒಂದು ಹುಕ್ಕು ಉಳಿಸಿ, ಇದು ನೀನೇ ತಪ್ಪಾಗಿ ಹೊಲಿದದ್ದು ಎನ್ನುತ್ತಿದ್ದೆ. ಮೊದಮೊದಲು ನಗುತ್ತಿದ್ದಳು. ಆಮೇಲೆ ಸುಮ್ಮನೆ ಗೋಡೆ ನೋಡುತ್ತ ನಿಂತಿರುತ್ತಿದ್ದಳು.

ಅಂಥದೊಂದು ದಿನ ಪಟ್ಟಿ ಸುತ್ತಿದ ಬೆರಳಲ್ಲಿ ಪಿನ್ ಒತ್ತಲಾಗದೆ ಒದ್ದಾಡುತ್ತಿದ್ದಳು. ನಂಬರು ಹೇಳು, ನಾನು ಒತ್ತುತ್ತೇನೆ ಎಂದೆ.

"ಸ್ನಾನಕ್ಕೂ ನೀವೇ, ಊಟಕ್ಕೂ ನೀವೇ," ಎಂದಳು. "ಇದೊಂದು ನನ್ನ ಹತ್ರ ಇರ್ಲಿ ಮಾರಾಯ್ರೆ."

ನನಗೆ ಆಗ ತಿಳಿಯಿತು, ಅವಳ ಪಾಲಿಗೆ ಉಳಿದಿದ್ದ ಬಾಗಿಲು ಅದೊಂದೇ. ಉಳಿದದ್ದೆಲ್ಲ ನಾನು, ನರ್ಸಮ್ಮಂದಿರು, ನೋಡಲು ಬಂದ ನೆಂಟರು ತೆರೆದು ನೋಡಿ ಆಗಿತ್ತು. ನಾನು ಫೋನನ್ನು ಅವಳ ಮುಂದೆ ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಅವಳು ಬೆರಳು ಮಡಚಿ ಗೆಣ್ಣಿನಿಂದ ಒಂದೊಂದೇ ಅಂಕಿ ಒತ್ತಿದಳು. "ಹೂಂ, ತಿರುಗಿ," ಎಂದಳು. ತಿರುಗಿದೆ.

ಅಲ್ಲಿಂದ ಮುಂದೆ ಅದು ನಮ್ಮ ಮನೆಯ ಪದ್ಧತಿಯಾಯಿತು. ಫೋನು ಟಿಂಗ್ ಎಂದರೆ ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬಂದು, ಫೋನು ಹಿಡಿದು, ಗೋಡೆ ನೋಡಬೇಕು. ಎದುರಿಗೆ ಕ್ಯಾಲೆಂಡರ್ ಇತ್ತು. ಆ ವರ್ಷದ ಏಕಾದಶಿ, ಸಂಕಷ್ಟಿ, ಅಮಾವಾಸ್ಯೆಗಳೆಲ್ಲ ನನಗೆ ಬಾಯಿಗೆ ಬಂದುಬಿಟ್ಟವು. ಪಕ್ಕದ ಮನೆಯವರು ತಿಥಿ ಕೇಳಲು ನನ್ನ ಹತ್ತಿರ ಬರುವಂತಾಯಿತು. ಒಮ್ಮೆ ಮಾವನವರೂ ಮುರುಗೇಶಣ್ಣನೂ ಅವಳನ್ನು ನೋಡಲು ಬಂದಿದ್ದಾಗ ಫೋನು ಸದ್ದು ಮಾಡಿತು. ನಾನು ಎದ್ದು ಹೋಗಿ ಫೋನು ಹಿಡಿದು ಮುಖ ತಿರುಗಿಸಿದೆ. ಮಾವನವರು ಅವಳ ಪಟ್ಟಿ ಸುತ್ತಿದ ಕೈಯನ್ನು ನೋಡಿದರು, ನನ್ನನ್ನು ನೋಡಿದರು.

"ನಾನೂ ತಿರುಗ್ಲೇನಮ್ಮಾ?" ಎಂದರು.

"ಹೂಂ ಅಪ್ಪ, ಒಂಚೂರು."

ಅವರು ಕುರ್ಚಿಯಿಂದ ಎದ್ದು ಬಾಗಿಲ ಕಡೆ ಮುಖ ಮಾಡಿ ನಿಂತರು. "ನಂಗೆ ಕಣ್ಣೇ ಸರಿಯಾಗಿ ಕಾಣಲ್ಲ, ಪರವಾಯಿಲ್ಲ," ಎನ್ನುತ್ತಿದ್ದ ಮುರುಗೇಶಣ್ಣನ ಭುಜ ಹಿಡಿದು ಅವನನ್ನೂ ತಿರುಗಿಸಿದರು. ತಮ್ಮ ನಂಬರು ಯಾಕಲ್ಲ ಎಂದು ಆಮೇಲೆ ಅವರು ಯಾವತ್ತೂ ಕೇಳಲಿಲ್ಲ. ಮೂರು ಜನ ಗಂಡಸರು ಮೂರು ಕಡೆ ಮುಖ ಮಾಡಿ ನಿಂತ ಆ ಕೋಣೆಯಲ್ಲಿ ವನಜ ನಗುವುದು ಕೇಳಿಸಿತು. ಬಹಳ ದಿನದ ಮೇಲೆ ನಕ್ಕಿದ್ದಳು.

ಮಾತ್ರೆ ಮುಗಿಯಲು ಇನ್ನು ಕೆಲವೇ ವಾರ ಎನ್ನುವಾಗ ಭೇದಿ ಹಿಡಿದು, ನಿತ್ರಾಣವಾಗಿ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ರಕ್ತದ ರಿಪೋರ್ಟು ಚೆನ್ನಾಗಿರಲಿಲ್ಲ. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಎರಡು ದಿನ ನೋಡೋಣ ಎಂದು ಮಾತ್ರ ಹೇಳಿದರು. ನಾನು ಒಳಗೆ ಬಂದು ನಗುಮುಖ ಮಾಡಿಕೊಂಡು ಕೂತೆ. ನನ್ನ ನಗುಮುಖ ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತು. ಮಧ್ಯಾಹ್ನ ಪಕ್ಕದ ಮಂಚದವರು ಊಟಕ್ಕೆ ಹೋಗಿದ್ದರು. ವನಜ ಕಣ್ಣು ತೆರೆದಳು. ತುಟಿ ಒಣಗಿತ್ತು, ಹತ್ತಿಯಲ್ಲಿ ನೀರು ಅದ್ದಿ ಒತ್ತಿದೆ.

"ಫೋನ್ ತಂದಿದ್ದೀರಾ?" ಎಂದಳು.

"ಇದೆ. ಯಾರಿಗಾದ್ರೂ ಮಾಡ್ಬೇಕಾ?"

"ಬೇಡ," ಎಂದಳು. "ಪಿನ್ ಹೇಳಿಬಿಡ್ಲಾ?"

ಎಷ್ಟೋ ವರ್ಷ ತಮಾಷೆಗೆ ಕೇಳಿ ಕೇಳಿ ಸಾಕಾಗಿದ್ದ ನಂಬರು. ಈಗ ಅವಳೇ ಹೇಳಲು ಹೊರಟಿದ್ದಳು. ಅವಳು ಯಾಕೆ ಹೇಳುತ್ತಿದ್ದಾಳೆ ಎಂಬುದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತು ಎಂಬುದು ಅವಳಿಗೂ ಗೊತ್ತಾಯಿತು. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ.

"ಬೇಡ," ಎಂದೆ.

"ಕೇಳ್ರೀ, ಗಿರಾಕಿಗಳ ಬಟ್ಟೆಯ ಅಳತೆ ಎಲ್ಲ ಅದರಲ್ಲೇ ಇದೆ. ಒಂದು ವೇಳೆ..."

ನಾನು ಎರಡು ಕಿವಿಗೂ ಬೆರಳು ಇಟ್ಟುಕೊಂಡೆ. ಐವತ್ತು ದಾಟಿದ ಗಂಡಸು, ತಲೆ ಅರ್ಧ ನರೆತವನು, ಆಸ್ಪತ್ರೆಯ ವಾರ್ಡಿನಲ್ಲಿ ಮಗುವಿನ ಹಾಗೆ ಕಿವಿ ಮುಚ್ಚಿಕೊಂಡು ಕೂತೆ. ಅವಳ ತುಟಿ ಅಲುಗುವುದು ಕಾಣುತ್ತಿತ್ತು. ಅದೂ ಕಾಣಬಾರದೆಂದು ಕಣ್ಣನ್ನೂ ಮುಚ್ಚಿದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ನರ್ಸಮ್ಮ ಬಂದು ಭುಜ ತಟ್ಟಿ, ಸರ್, ಹುಷಾರಾಗಿದ್ದೀರಾ ಎಂದು ನನ್ನನ್ನೇ ವಿಚಾರಿಸಿದಳು. ಕಣ್ಣು ಬಿಟ್ಟಾಗ ವನಜ ನನ್ನನ್ನೇ ನೋಡುತ್ತಿದ್ದಳು.

"ಕೇಳಿಸ್ಲಿಲ್ವಾ?" ಎಂದಳು.

"ಇಲ್ಲ."

"ಹೋಗ್ಲಿ ಬಿಡಿ, ಇನ್ನೊಂದ್ಸಲ ಹೇಳಲ್ಲ," ಎಂದು ಆ ಕಡೆ ಮಗ್ಗುಲಾಗಿ ಮಲಗಿದಳು. ಆ ಸಿಟ್ಟು ಅವಳದ್ದೇ ಹಳೆಯ ಸಿಟ್ಟು. ಅದನ್ನು ಕೇಳಿ ನನಗೆ ಸ್ವಲ್ಪ ಜೀವ ಬಂತು.

ಎರಡು ದಿನ ನಾಲ್ಕು ದಿನವಾಯಿತು, ಆಮೇಲೆ ಮನೆಗೆ ಬಂದಳು. ಉಳಿದ ಮಾತ್ರೆಗಳನ್ನು ಕಡಿಮೆ ಮಾಡಿ ಕೊಟ್ಟರು, ಅವೂ ಮುಗಿದವು. ಅಂಗೈಯ ಕೆಂಪು ಇಳಿಯಿತು. ಪಟ್ಟಿ ಬಿಚ್ಚಿದೆವು. ಹೊಸ ಚರ್ಮ ಬಂದದ್ದು ಮೊದಲು ತಿಳಿ ಗುಲಾಬಿಯಾಗಿ, ಆಮೇಲೆ ನಿಧಾನಕ್ಕೆ ಅವಳ ಬಣ್ಣಕ್ಕೆ ತಿರುಗಿತು. ಸ್ಕ್ಯಾನಿಂಗಿನಲ್ಲಿ ಸದ್ಯ ಏನೂ ಕಾಣುತ್ತಿಲ್ಲ, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಏನೂ ಕಾಣುತ್ತಿಲ್ಲ ಎಂಬ ಮಾತು ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಬರುವ ದಾರಿಯಲ್ಲಿ ಹೋಟೆಲ್ಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಅವಳಿಗೆ ಅರ್ಧ ಸಾಕಾಯಿತು, ಉಳಿದರ್ಧವನ್ನೂ ಸೇರಿಸಿ ನಾನು ಒಂದೂವರೆ ತಿಂದೆ.

ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನು ಅವಳೇ ಒಂದು ದಿನ ತೆಗೆದಳು. ಮೊದಲು ಹಳೆಯ ದಿಂಬಿನ ಚೀಲ ಹೊಲಿದಳು, ಆಮೇಲೆ ನನ್ನ ಪೈಜಾಮ, ಆಮೇಲೆ ಧೈರ್ಯ ಮಾಡಿ ಗಿರಾಕಿಗಳ ಬ್ಲೌಸು. ಬೆರಳು ಮಾತ್ರ ಇನ್ನೂ ಬಂದಿಲ್ಲ ಎಂದೇ ನಾನು ತಿಳಿದಿದ್ದೆ. ಫೋನು ಟಿಂಗ್ ಎಂದರೆ ಅವಳು "ರೀ" ಎನ್ನುತ್ತಿದ್ದಳು, ನಾನು ಬಂದು ಫೋನು ಹಿಡಿದು ಗೋಡೆ ನೋಡುತ್ತಿದ್ದೆ. ಈಗ ಅವಳೇ ಹಿಡಿದುಕೊಳ್ಳಬಹುದಿತ್ತು, ಅದು ನನಗೂ ಹೊಳೆಯಲಿಲ್ಲ. ಕ್ಯಾಲೆಂಡರ್ ಬದಲಾಗಿತ್ತು, ಹೊಸ ವರ್ಷದ ಏಕಾದಶಿಗಳನ್ನು ಕಲಿಯತೊಡಗಿದ್ದೆ.

ಮೊನ್ನೆ ನಾನು ಹಲಸು ಬಿಡಿಸಿ ಪಂಚೆ ಹಾಳು ಮಾಡಿಕೊಂಡ ಹೊತ್ತಿಗೆ ಅವಳು ಒಳಗೆ ಬ್ಲೌಸಿಗೆ ತೋಳು ಕೂರಿಸುತ್ತಿದ್ದಳು. ತೊಳೆಗಳ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದೆ. ಆಗಲೇ ಅವಳ ಫೋನಿಗೆ ಯಾವುದೋ ಗಿರಾಕಿಯ ಮೆಸೇಜ್ ಬಂತು. ವನಜ ತಲೆ ಎತ್ತದೆ, ಒಂದು ಕೈಯಲ್ಲಿ ಬಟ್ಟೆ ತಿರುಗಿಸುತ್ತ, ಇನ್ನೊಂದು ಕೈಯ ಹೆಬ್ಬೆರಳನ್ನು ಫೋನಿನ ಮೇಲೆ ತಾಗಿಸಿದಳು. ಅದು ತೆರೆದುಕೊಂಡಿತು. "ಅಲ್ಲಮ್ಮ, ಅಳತೆ ಕೊಟ್ಟಿದ್ದು ನೀವೇ, ಈಗ ತೋಳು ಬಿಗಿ ಅಂದ್ರೆ ನಾನೇನ್ ಮಾಡ್ಲಿ," ಎಂದು ಫೋನಿಗೆ ಹೇಳಿ ಕಳಿಸಿ, ಮತ್ತೆ ಯಂತ್ರ ತುಳಿಯತೊಡಗಿದಳು.

ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಅವಳಿಗೆ ನಾನು ಬಂದದ್ದು ತಡವಾಗಿ ಕಂಡಿತು.

"ಬಂತಾ?" ಎಂದೆ.

"ಏನು?"

"ಬೆರಳು."

ವನಜ ಫೋನು ನೋಡಿದಳು, ಬೆರಳು ನೋಡಿದಳು, ಸಿಕ್ಕಿಬಿದ್ದವಳ ಹಾಗೆ ನನ್ನನ್ನು ನೋಡಿದಳು. "ಅದು ಬಂದು ಎಷ್ಟೋ ದಿನ ಆಯ್ತು," ಎಂದಳು. "ಇದ್ದದ್ದೇ ಬಂತು."

"ಮತ್ತೆ ನೆನ್ನೆ ಸಂಜೆ ನನ್ನ ಕರೆದು ಗೋಡೆ ಕಡೆ ತಿರುಗ್ಸಿದ್ಯಲ್ಲ?"

ಅವಳು ಬಟ್ಟೆಯ ಅಂಚನ್ನು ಮಡಚಿ ಉಗುರಿನಿಂದ ಗೀರಿದಳು.

"ನೀವು ಹಾಗೆ ತಿರುಗಿ ನಿಂತಾಗ ನೋಡೋಕೆ ಚೆನ್ನಾಗಿರುತ್ತೆ," ಎಂದಳು. "ಬೆರಳು ಬಂತು ಅಂದ್ರೆ ಆಮೇಲೆ ಬಿಟ್ಟುಬಿಡ್ತೀರೇನೋ ಅಂತ ಹೇಳ್ಲಿಲ್ಲ."

ಗಿರಾಕಿಯ ಉತ್ತರ ಬಂದು ಫೋನು ಮತ್ತೆ ಟಿಂಗ್ ಎಂದಿತು. ವನಜ ಅದನ್ನು ಮುಟ್ಟದೆ ನನ್ನ ಮುಖವನ್ನೇ ನೋಡುತ್ತ ಕೂತಳು. ನಾನು ತಟ್ಟೆಯನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ನಿಂತೆ. ಕ್ಯಾಲೆಂಡರಿನ ಒಂದು ಅಕ್ಷರವೂ ಕಾಣಲಿಲ್ಲ, ಕಣ್ಣು ತುಂಬಿತ್ತು. ಹೂಂ, ತಿರುಗಿ ಎಂದು ಅವಳು ಹೇಳಲು ಅವತ್ತು ಬಹಳ ಹೊತ್ತು ತೆಗೆದುಕೊಂಡಳು.